ಅರುಂಧತಿ ಕಂಡ ಸಂಜೆ

ಮಗಳ ಮದುವೆಯ ಸಂಜೆ ಅಯ್ಯನವರು ಮದುಮಕ್ಕಳನ್ನು ಹಂದರದ ಹೊರಗೆ ಕರೆತಂದು, ಉತ್ತರ ದಿಕ್ಕಿಗೆ ಬೆರಳು ತೋರಿಸಿ, "ಅಲ್ನೋಡ್ರಿ ಅರುಂಧತಿ, ಕೈ ಮುಗೀರಿ" ಎಂದಾಗ ಮದುಮಗಳು ವಚನಾ ಏನೂ ಯೋಚಿಸದೆ "ಎಲ್ಲದರೀ?" ಎಂದು ಕೇಳಿಬಿಟ್ಟಳು. ಹಂದರವೆಲ್ಲ ನಕ್ಕಿತು. ಅಯ್ಯನವರೂ ನಕ್ಕರು. ಅವರು ಬೆರಳು ತೋರಿಸಿದ ಕಡೆ ಬೂದು ಬಣ್ಣದ ಆಕಾಶ ಬಿಟ್ಟರೆ ಏನೂ ಇರಲಿಲ್ಲ. ಕಲಬುರಗಿಯ ಮೇಲೆ ಮುಸುಕು ಹಾಸಿ ಹದಿನೈದು ವರ್ಷವಾಗಿತ್ತು. ಅಷ್ಟು ವರ್ಷಗಳಲ್ಲಿ ಮದುವೆಯಾದ ಯಾವ ಹುಡುಗಿಯೂ ಅರುಂಧತಿಯನ್ನು ಕಂಡಿರಲಿಲ್ಲ. ಬರಿಯ ಆಕಾಶಕ್ಕೇ ಕೈ ಮುಗಿದು ಒಳಗೆ ಹೋಗುವುದು ರೂಢಿಯಾಗಿತ್ತು.

ನಗಲಾರದೆ ನಿಂತವಳು ಮದುಮಗಳ ತಾಯಿ ಜಗದೇವಿ ಒಬ್ಬಳೇ. ಆ ಮುಸುಕನ್ನು ದಿನಾ ಹೊದಿಸುವುದು ಅವಳ ಕೆಲಸವಾಗಿತ್ತು.

ಊರ ಹೊರಗಿನ ಮುಸುಕು ಕೇಂದ್ರದಲ್ಲಿ ಅವಳು ಪಾಳಿ ಎಂಜಿನಿಯರ್. ಅಲ್ಲಿ ಸುಣ್ಣಕಲ್ಲನ್ನು ಹಿಟ್ಟಿಗಿಂತ ನುಣ್ಣಗೆ ಅರೆದು, ಕಣಕಣಕ್ಕೂ ವಿದ್ಯುದಂಶ ತುಂಬಿ, ದೊಡ್ಡ ಬಲೂನುಗಳಲ್ಲಿ ಮೋಡಗಳಿಗಿಂತ ಮೇಲೆ ಒಯ್ದು ಚೆಲ್ಲುತ್ತಿದ್ದರು. ಒಂದೇ ಬಗೆಯ ವಿದ್ಯುದಂಶ ಇರುವುದರಿಂದ ಕಣಗಳು ಒಂದನ್ನೊಂದು ದೂರ ತಳ್ಳುತ್ತ, ಗಂಟು ಕಟ್ಟದೆ, ನಾಲ್ಕು ಜಿಲ್ಲೆಗಳ ಮೇಲೆ ತೆಳ್ಳಗೆ ಹರಡಿಕೊಂಡು ತೇಲುತ್ತಿದ್ದವು. ಬಿಸಿಲಿನ ಒಂದು ಪಾಲನ್ನು ಅವು ಮೇಲಿಂದಲೇ ಹಿಂದಕ್ಕೆ ಅಟ್ಟುತ್ತಿದ್ದವು. ವಾರ ಕಳೆಯುವುದರಲ್ಲಿ ಕಣಗಳು ಕೆಳಗಿಳಿದು ಚದುರಿ ಹೋಗುತ್ತಿದ್ದರಿಂದ ಬಲೂನು ಹಾರಿಸುವುದನ್ನು ನಿಲ್ಲಿಸುವಂತಿರಲಿಲ್ಲ.

ಮುಸುಕಿಗಿಂತ ಮುಂಚಿನ ಬೇಸಿಗೆಗಳನ್ನು ಕಂಡವರು ಯಾರೂ ಅದನ್ನು ಬೈಯುತ್ತಿರಲಿಲ್ಲ. ಆಗ ಬಸ್ ನಿಲ್ದಾಣದಲ್ಲಿ ಕೂತವರು ಕೂತಲ್ಲೇ ಸತ್ತದ್ದನ್ನು ಜಗದೇವಿ ಕಣ್ಣಾರೆ ನೋಡಿದ್ದಳು. ಆದರೆ ನೆರಳಿನಲ್ಲಿ ಹದಿನೈದು ವರ್ಷ ಬದುಕಿದ ಜನ ಬಿಸಿಲನ್ನು ಮರೆತಿದ್ದರು. ದಪ್ಪ ಗೋಡೆಯ ಮಣ್ಣಿನ ಮಾಳಿಗೆಗಳನ್ನು ಕೆಡವಿ ತಗಡಿನ ಮನೆ ಹಾಕಿಕೊಂಡಿದ್ದರು. ಬೇವಿನ ಮರಗಳನ್ನು ಕಡಿದು ರಸ್ತೆ ಅಗಲ ಮಾಡಿದ್ದರು. ಒಂದು ಕಾಲಕ್ಕೆ ಮಧ್ಯಾಹ್ನ ಬಾಗಿಲು ಮುಚ್ಚಿ ಮಲಗುತ್ತಿದ್ದ ಊರು ಈಗ ಮಧ್ಯಾಹ್ನವೇ ಹೆಚ್ಚು ದುಡಿಯುತ್ತಿತ್ತು. ಜಗದೇವಿಯ ಗಂಡ ಗುರುಲಿಂಗಪ್ಪ ಶಹಾಬಾದಿನ ಕಡೆ, ನೆಲಕ್ಕೆ ಹಾಸುವ ಪರ್ಸಿ ಕಲ್ಲಿನ ಖಣಿಯೊಂದರಲ್ಲಿ ಮೇಸ್ತ್ರಿ. ನಡು ಮಧ್ಯಾಹ್ನ ಬಯಲಿನಲ್ಲಿ ನಿಂತು ಕಲ್ಲು ಎಬ್ಬಿಸುವುದು ಅವನಿಗೂ ಅವನ ಆಳುಗಳಿಗೂ ದೊಡ್ಡ ಮಾತಾಗಿರಲಿಲ್ಲ.

ಮದುವೆ ಮುಗಿದ ಮೇಲೆ, ಕನ್ನಡಕ ಬದಲಿಸಲು ಹೋದ ಅಂಗಡಿಯ ಗೋಡೆಯ ಮೇಲೆ ಜಗದೇವಿ ಒಂದು ಚೀಟಿ ನೋಡಿದಳು. 'ಖಗೋಳ ಬಳಗ. ಪ್ರತಿ ಭಾನುವಾರ ಸಂಜೆ. ಯಾರು ಬೇಕಾದರೂ ಬರಬಹುದು.'

"ಏನ್ ನೋಡ್ತೀರಿ ಅಲ್ಲಿ? ಏನೂ ಕಾಣಂಗಿಲ್ಲಲ್ಲ" ಎಂದಳು.

ಅಂಗಡಿಯ ಪುಷ್ಪಾವತಿ ಗಾಜು ಒರೆಸುತ್ತ, "ಕಾಣಂಗಿಲ್ಲ ಅಂತೇ ಕೂಡ್ತೀವ್ರಿ. ಕಾಣೋ ಕಾಲದಾಗ ಯಾರ್ ಕೂಡ್ತಿದ್ರು? ಒಂದ್ಸಲ ಬಂದು ನೋಡ್ರಿ" ಎಂದಳು.

ಬಳಗ ಸೇರುತ್ತಿದ್ದುದು ಕೋಟೆಯ ಹತ್ತಿರದ ಖದೀರ್ ಸರ್ ಅವರ ಮಾಳಿಗೆಯ ಮೇಲೆ. ಅವರು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತರಾದವರು. ಉದ್ದನೆಯ ಬಿಳಿ ದೂರದರ್ಶಕವೊಂದನ್ನು ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಮೆಟ್ಟಿಲು ಹತ್ತಿ ಬರುತ್ತಿದ್ದರು. ಅದರಲ್ಲಿ ನೋಡಲು ಸಿಗುತ್ತಿದ್ದುದು ಚಂದ್ರ, ಎಂದಾದರೊಮ್ಮೆ ಒಂದು ದೊಡ್ಡ ಗ್ರಹ, ಅವೂ ಹಾಲಿನಲ್ಲಿ ಅದ್ದಿ ತೆಗೆದಂತೆ. ಚಂದ್ರನಿಲ್ಲದ ಸಂಜೆ ಖದೀರ್ ಸರ್ ಒಂದು ಕೋಲು ಹಿಡಿದು ಬರಿಯ ಆಕಾಶವನ್ನೇ ತೋರಿಸುತ್ತಿದ್ದರು. "ಇಲ್ಲಿ ಸಪ್ತರ್ಷಿ ಮಂಡಲ. ಈ ಬಾಲ ಹಿಡ್ಕೊಂಡು ಹಿಂಗ ಬಾಗಿ ಬಂದ್ರ ಸ್ವಾತಿ. ಇನ್ನೂ ಕೆಳಗ ಬಂದ್ರ ಚಿತ್ತಾ." ಚಾಪೆಯ ಮೇಲೆ ಅಂಗಾತ ಮಲಗಿದ ಬಳಗದವರು ಇಲ್ಲದ ಚುಕ್ಕಿಗಳನ್ನು ಕೋಲಿನ ತುದಿಯಲ್ಲಿ ಹುಡುಕುತ್ತಿದ್ದರು.

ಜಗದೇವಿಗೆ ಮೊದಲ ದಿನವೇ ನಾಚಿಕೆಯಾಯಿತು. ಯಾವ ನೌಕರಿ ಎಂದು ಪುಷ್ಪಾವತಿ ಕೇಳಿದಾಗ "ಸರ್ಕಾರಿ" ಎಂದಷ್ಟೇ ಹೇಳಿ ಮಾತು ತೇಲಿಸಿದಳು. ಆದರೂ ಮುಂದಿನ ಭಾನುವಾರ ಮತ್ತೆ ಹೋದಳು, ಅದರ ಮುಂದಿನ ಭಾನುವಾರವೂ ಹೋದಳು. ಪುಷ್ಪಾವತಿ ತರುತ್ತಿದ್ದ ಚುರುಮುರಿ ಸೂಸಲಾ, ಖದೀರ್ ಸರ್ ಮನೆಯ ಚಹಾ, ಯಾರೂ ಏನನ್ನೂ ದೂರದೆ ಕಾಣದ ಆಕಾಶದ ಬಗ್ಗೆ ಮಾತಾಡುವ ಆ ಎರಡು ತಾಸು ಅವಳಿಗೆ ಬೇಕಾಗತೊಡಗಿದವು.

ಏಪ್ರಿಲ್ ಬಂತು. ಒಂದು ಸಂಜೆ ಗುರುಲಿಂಗಪ್ಪ ಖಣಿಯಿಂದ ಬಂದವನು ಕತ್ತಿನ ಹಿಂಭಾಗವನ್ನು ಹೆಂಡತಿಗೆ ತೋರಿಸಿದ. ಕೆಂಪಗೆ ಸುಟ್ಟಂತಾಗಿತ್ತು.

"ಬಿಸಿಲು ಜೋರ್ ಆಗ್ಯಾದ ನೋಡು. ಇವತ್ತ ನನ್ನ ನೆಳ್ಳು ನೆಲದ ಮ್ಯಾಲ ಕತ್ತರಿಲೆ ಕತ್ತರಿಸಿದಂಗ ಬಿದ್ದಿತ್ತು. ಅಂಚು ಹಿಡದು ಗೆರಿ ಕೊರೀಬಹುದಿತ್ತು. ಹಂಗ ಬೀಳ್ತದೇನು?"

ಜಗದೇವಿ ಕೊಬ್ಬರಿ ಎಣ್ಣೆ ಹಚ್ಚುತ್ತ ನಕ್ಕಳು. "ಏಪ್ರಿಲ್ ಅಲ್ಲೇನ್ರಿ? ನಮ್ಮ ಮಾಪಕ ಎಲ್ಲಾ ಸರಿ ಅದಾವ. ಬಿಸಿಲು ಲೆಕ್ಕದಾಗೇ ಅದ. ಹೋದ ವಾರ ಬಲೂನೂ ಕಡಿಮಿ ಬಿಟ್ಟೀವಿ, ಅಷ್ಟು ಬೇಕಾಗೇ ಇಲ್ಲ."

"ನೀ ಅಂದಮ್ಯಾಲ ಸರಿ ಇರಬೇಕು ಬಿಡು" ಎಂದು ಅವನು ಊಟಕ್ಕೆ ಕೂತ.

ಅವಳು ಸುಳ್ಳು ಹೇಳಿರಲಿಲ್ಲ. ಕೇಂದ್ರದ ದೊಡ್ಡ ಪರದೆಯ ಮೇಲೆ ನಾಲ್ಕೂ ಜಿಲ್ಲೆಯ ಬಿಸಿಲು ಮಾಪಕಗಳು ಹಸಿರು ತೋರಿಸುತ್ತಿದ್ದವು. ನೆಲಕ್ಕೆ ಬೀಳುವ ಬಿಸಿಲು ಕಡಿಮೆಯೇ ಇದೆ ಎಂದು ಅವು ಹೇಳಿದಷ್ಟೂ ಯಂತ್ರ ತಾನಾಗಿಯೇ ಬಲೂನುಗಳನ್ನು ಕಡಿಮೆ ಮಾಡುತ್ತ ಬಂದಿತ್ತು. ಸುಣ್ಣದ ಪುಡಿ ಉಳಿಯಿತೆಂದು ಮುಖ್ಯ ಎಂಜಿನಿಯರ್ ದೇಶಮುಖ ಖುಷಿಯಾಗಿದ್ದರು.

ಆ ತಿಂಗಳ ಎರಡನೆಯ ಭಾನುವಾರ ಬಳಗದವರು ಎಂದಿನಂತೆ ಚಾಪೆ ಹಾಸಿದರು. ಪುಷ್ಪಾವತಿ ದೂರದರ್ಶಕದ ಗಾಜು ಒರೆಸುತ್ತ ಗೊಣಗುತ್ತಿದ್ದಳು. "ಈ ತಿಂಗಳ ಏನಾಗ್ಯಾದೋ ಏನೋ, ಎಷ್ಟ್ ಒರಸಿದ್ರೂ ಸುಣ್ಣ ಕೂಡ್ಲತ್ತದ. ಮುಂಜಾನಿ ಇಬ್ಬನಿ ಬಿದ್ರಂತೂ ಅಂಗಡಿ ಗಾಜಿಗೆ ಸಾರಿಸಿದಂಗ ಆಗ್ತದ." ಖದೀರ್ ಸರ್ ಕೋಲು ಎತ್ತಿ ಸಪ್ತರ್ಷಿಗಳಿರಬೇಕಾದ ಕಡೆ ತೋರಿಸಲು ಹೋದವರು ಹಾಗೆಯೇ ನಿಂತುಬಿಟ್ಟರು.

ಕೋಲಿನ ತುದಿಯಲ್ಲಿ ಚುಕ್ಕಿಗಳಿದ್ದವು. ಏಳೂ ಇದ್ದವು.

ಖದೀರ್ ಸರ್ ಕೋಲನ್ನು ಒಂದಿಷ್ಟು ಸರಿಸಿದರು. "ಬಾಲದಾಗಿಂದ ಎರಡನೇದು ನೋಡ್ರಿ, ಅದು ವಸಿಷ್ಠ. ಅದರ ಬಾಜೂಕ... ನನ್ನ ಕಣ್ಣಿಗಿ ಆಗವಲ್ದು. ಪುಷ್ಪಾ, ನೀ ಹೇಳವ್ವ, ಬಾಜೂಕ ಸಣ್ಣದೊಂದು ಅದೇನು?"

"ಅದರೀ ಸರ್" ಎಂದಳು ಪುಷ್ಪಾವತಿ. "ಸಣ್ಣದು. ಸಾಸಿವಿ ಕಾಳಿನಷ್ಟು."

"ಅರುಂಧತಿ" ಎಂದರು ಖದೀರ್ ಸರ್, ಮತ್ತು ಮಾಳಿಗೆಯ ಕಟ್ಟೆಯ ಮೇಲೆ ಕುಸಿದು ಕೂತು ಮಕ್ಕಳಂತೆ ಅತ್ತರು. ಯಾರೋ ಮಿಠಾಯಿ ತರುತ್ತೇನೆಂದು ಕೆಳಗೆ ಓಡಿದರು. ಪಕ್ಕದ ಮಾಳಿಗೆಯವರನ್ನು ಕೂಗಿ ಕರೆದರು.

ಜಗದೇವಿಯೂ ನೋಡಿದಳು. ತನ್ನ ಮದುವೆಯ ದಿನ ನೋಡಿದ್ದ ಚುಕ್ಕಿ. ಒಂದು ಗಳಿಗೆ ಅವಳಿಗೂ ಎದೆ ತುಂಬಿ ಬಂತು. ಮರುಗಳಿಗೆಯಲ್ಲಿ ಕೇಂದ್ರದ ಪರದೆ ನೆನಪಾಯಿತು. ಅಷ್ಟು ಸಣ್ಣ ಚುಕ್ಕಿಯ ಬೆಳಕು ಕೆಳಗೆ ಬರುತ್ತಿದೆ ಎಂದರೆ ತಡೆಯಲು ಮೇಲೆ ಏನೂ ಉಳಿದಿಲ್ಲ ಎಂದೇ ಅರ್ಥ. ಹಾಗಿದ್ದರೆ ಮಾಪಕಗಳು? ಅವಳು ಪುಷ್ಪಾವತಿಯ ಕೈಲಿದ್ದ ಬಟ್ಟೆಯನ್ನು ಕಸಿದುಕೊಂಡು ನೋಡಿದಳು. ಬಟ್ಟೆ ಸುಣ್ಣದಿಂದ ಬೆಳ್ಳಗಾಗಿತ್ತು. ಬೆರಳಲ್ಲಿ ತಿಕ್ಕಿದರೆ ತರಿತರಿಯಾಗಿ ಸಿಕ್ಕಿತು. ಹಿಟ್ಟಿಗಿಂತ ನುಣ್ಣಗಿರಬೇಕಾದ ಪುಡಿ ಗಂಟು ಕಟ್ಟಿತ್ತು.

ಎಲ್ಲ ಒಟ್ಟಿಗೇ ಹೊಳೆಯಿತು. ಈ ಸಲದ ಪುಡಿಗೆ ಎಲ್ಲೋ ತೇವ ತಾಕಿ ವಿದ್ಯುದಂಶ ಸೋರಿಹೋಗಿದೆ. ಕಣಗಳು ಮೇಲೆ ನಿಲ್ಲದೆ, ಒಂದಕ್ಕೊಂದು ಅಂಟಿಕೊಂಡು ಕೆಳಗೆ ಸುರಿಯುತ್ತಿವೆ. ಸುರಿದದ್ದು ಮಾಪಕಗಳ ಗಾಜಿನ ಬುರುಡೆಗಳ ಮೇಲೂ ಕೂತಿದೆ. ಗಾಜು ಮಬ್ಬಾದರೆ ಮಾಪಕ ಬಿಸಿಲು ಕಡಿಮೆ ಎನ್ನುತ್ತದೆ. ಮಾಪಕ ಕಡಿಮೆ ಎಂದರೆ ಯಂತ್ರ ಬಲೂನು ನಿಲ್ಲಿಸುತ್ತದೆ.

"ನಿಲ್ಲಿಸ್ರಿ" ಎಂದಳು. ಅವಳ ದನಿ ಕೇಳಿ ಎಲ್ಲರೂ ತಿರುಗಿದರು. "ನಾ ಮುಸುಕು ಕೇಂದ್ರದಾಗ ಕೆಲಸ ಮಾಡ್ತೀನ್ರಿ. ನಿಮಗ ಹೇಳಿರಲಿಲ್ಲ. ಇದು ಕಾಣಬಾರದಿತ್ತು. ಇದು ಕಾಣ್ಲತ್ತದ ಅಂದ್ರ ಮುಸುಕು ಹರಿದದ. ನಾಳಿ ನಾಡಿದ್ದು ಈ ಊರಾಗ ಹಳೇ ಬಿಸಿಲು ಬೀಳ್ತದ."

ಮಿಠಾಯಿಯ ಪೊಟ್ಟಣ ಹಿಡಿದು ಮೆಟ್ಟಿಲಲ್ಲಿ ನಿಂತವರು ಅಲ್ಲೇ ನಿಂತರು. ಖದೀರ್ ಸರ್ ಕಣ್ಣೊರೆಸಿಕೊಂಡು ಎದ್ದು, "ನಮ್ಮಿಂದ ಏನಾಗಬೇಕ್ರಿ?" ಎಂದು ಮಾತ್ರ ಕೇಳಿದರು.

ಜಗದೇವಿ ಅಲ್ಲಿಂದ ನೆಟ್ಟಗೆ ದೇಶಮುಖರ ಮನೆಗೆ ಹೋದಳು. ಅವರು ಅವಳ ಮಾತನ್ನು ಪೂರ್ತಿ ಕೇಳಿದರು. ಕೆಟ್ಟ ಮನುಷ್ಯರಾಗಿರಲಿಲ್ಲ.

"ನಾಲ್ಕು ಜಿಲ್ಲಾದ ಮಾಪಕ ಹಸಿರು ತೋರಸ್ತಾವ. ನೀವು ಚುಕ್ಕಿ ಕಂಡ್ತು ಅಂತೀರಿ. ಬೆಂಗಳೂರಿಗಿ ಫೋನ್ ಮಾಡಿ ಏನಂತ ಹೇಳ್ಲಿ ನಾ? ಅರುಂಧತಿ ಕಂಡಾಳ, ಊರು ಬಂದ್ ಮಾಡ್ರಿ ಅಂತೇನು?"

"ಹೊರಗ ಬಂದು ಮ್ಯಾಲ ನೋಡ್ರಿ ಸರ್, ಒಂದೇ ಸಲ."

ಅವರು ಹೊರಗೆ ಬಂದು ನೋಡಿದರು. ಬಹಳ ಹೊತ್ತು ನೋಡಿದರು. ಆದರೆ, "ಗಾಳಿಗೆ ಎಲ್ಲೋ ಒಂದು ಕಡಿ ತೆಳ್ಳಗ ಆಗಿರಬೇಕು. ಮುಂಜಾನಿ ಬುರುಡಿ ಒರಸಿ ನೋಡೋಣ" ಎಂದು ಒಳಗೆ ಹೋದರು.

ಬೆಳಗಾಗುತ್ತಲೇ ಜಗದೇವಿ ಕೇಂದ್ರದ ಗೋಪುರ ಹತ್ತಿದಳು. ಬುರುಡೆ ಒರೆಸಲೆಂದು ಇಟ್ಟಿದ್ದ ಯಂತ್ರದ ಕುಂಚ ಇಬ್ಬನಿಗೆ ನೆಂದ ಸುಣ್ಣವನ್ನು ಗಾಜಿಗೆ ಬಳಿಯುತ್ತ ಹೋಗಿತ್ತು. ಸೆರಗಿನಿಂದ ಉಜ್ಜಿದಳು, ಹೋಗಲಿಲ್ಲ. ಉಗುರಿನಿಂದ ಕೆರೆದಳು. ಗಾಜು ತಿಳಿಯಾದದ್ದೇ ತಡ, ಕೆಳಗೆ ನಿಯಂತ್ರಣ ಕೋಣೆಯಲ್ಲಿ ಸೈರನ್ ಕೂಗಿಕೊಂಡಿತು. ಇಳಿದು ಬಂದಾಗ ಪರದೆಯ ಮೇಲೆ ಒಂದು ಚೌಕ ಕೆಂಪಾಗಿ ಉರಿಯುತ್ತಿತ್ತು. ಸುತ್ತಲಿನ ಚೌಕಗಳೆಲ್ಲ ಇನ್ನೂ ಹಸಿರಾಗಿಯೇ ಇದ್ದವು. ದೇಶಮುಖರು ಅದನ್ನೇ ನೋಡುತ್ತ ನಿಂತಿದ್ದರು.

"ಇದ್ದಷ್ಟು ಬಲೂನು ಬಿಡ್ರಿ" ಎಂದರು.

"ಪುಡಿ ಕೆಟ್ಟದ ಸರ್. ಹಳೇ ಪುಡಿ ಗೋದಾಮಿನಾಗ ಸ್ವಲ್ಪ ಅದ. ಅದನ್ನೇ ಬಿಟ್ರೂ ಹರಡಲಿಕ್ಕಿ ಮೂರ್ ದಿನ ಬೇಕು. ಜನರಿಗಿ ಈಗೇ ಹೇಳಬೇಕು."

"ಮ್ಯಾಲಿನವರು ಒಪ್ಪಿಗಿ ಕೊಡೋತನಕ ಹೇಳಂಗಿಲ್ಲ. ಗದ್ದಲ ಆಗ್ತದ."

ಆ ಹೊತ್ತಿಗೆ ಎಲ್ಲರ ಫೋನಿಗೂ ಕೇಂದ್ರದ ದಿನದ ಸಂದೇಶ ಎಂದಿನಂತೆ ತಾನಾಗಿಯೇ ಹೋಗಿಯಾಗಿತ್ತು. 'ಮುಸುಕು ಸುಸ್ಥಿತಿಯಲ್ಲಿದೆ. ಹೊರಗಿನ ಕೆಲಸ ಸುರಕ್ಷಿತ.'

ಜಗದೇವಿ ಒಪ್ಪಿಗೆಗೆ ಕಾಯಲಿಲ್ಲ. ಹೊರಗೆ ಬಂದು ಖದೀರ್ ಸರ್‌ಗೆ ಫೋನ್ ಮಾಡಿದಳು. ಅವರು ಮಸೀದಿಯ ಮೈಕಿನಲ್ಲಿ ಸಾರಿದರು, ಪುಷ್ಪಾವತಿ ಗುಡಿಯ ಮೈಕಿನಲ್ಲಿ ಸಾರಿದಳು. ಬಳಗದವರು ಓಣಿ ಓಣಿ ಹಂಚಿಕೊಂಡು ಬಾಗಿಲು ತಟ್ಟಿದರು. ತಗಡಿನ ಮನೆಯವರು ಕೋಟೆಯೊಳಗೆ, ಹಳೆಯ ಕಲ್ಲಿನ ಕಟ್ಟಡಗಳೊಳಗೆ ಹೋಗಿ ಎಂದರು. ಕೆಲವರು ಹೋದರು. ಹಲವರು ಫೋನಿನ ಸಂದೇಶ ತೋರಿಸಿ, ಚುಕ್ಕಿ ನೋಡುವವರಿಗೆ ತಲೆ ತಿರುಗಿದೆ ಎಂದು ನಕ್ಕು ಬಾಗಿಲು ಹಾಕಿಕೊಂಡರು. ವಚನಾಳ ಅತ್ತೆ ಮಾವನೂ ಮೊದಲು ಹಿಂಜರಿದರು. "ನಮ್ಮವ್ವ ಹಂಗ ಸುಮ್ನ ಹೇಳಾಕಿ ಅಲ್ರಿ" ಎಂದು ವಚನಾಳೇ ಹಟ ಹಿಡಿದು ಮನೆಮಂದಿಯನ್ನೆಲ್ಲ ಎಬ್ಬಿಸಿಕೊಂಡು ಹೊರಟಳು.

ಗುರುಲಿಂಗಪ್ಪನ ಫೋನ್ ಬಹಳ ಹೊತ್ತು ಸಿಗಲಿಲ್ಲ. ಸಿಕ್ಕಾಗ ಹತ್ತು ಗಂಟೆ ದಾಟಿತ್ತು, ಹಿಂದಿನಿಂದ ಕಲ್ಲು ಕೊಯ್ಯುವ ಯಂತ್ರದ ಸದ್ದು ಬರುತ್ತಿತ್ತು.

"ಏನ್ರಿ, ಈಗಿಂದೀಗ ಖಣಿ ಬಿಟ್ಟು ಬರ್ರಿ. ಆಳುಗಳನ್ನೂ ಕರ್ಕೊಂಡು ಬರ್ರಿ. ಮುಸುಕು ಹರಿದದ."

"ಮುಂಜಾನಿ ಫೋನಿನಾಗ ಬಂದದಲ್ಲ, ಎಲ್ಲಾ ಸುರಕ್ಷಿತ ಅಂತ? ನಿಮ್ಮ ಕೇಂದ್ರದ್ದೇ ಸುದ್ದಿ."

"ಅದು ಸುಳ್ಳು. ನಾನೇ ಹೇಳ್ಲತ್ತೀನಲ್ಲ ಸುಳ್ಳು ಅಂತ!"

"ಮೊನ್ನಿ ಸರಿ ಅದ ಅಂದಾಕೀನೂ ನೀನೇ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಹೆಂಡತಿ ಸುಮ್ಮನೆ ಗಾಬರಿಯಾಗಿದ್ದಾಳೆಂಬ ಸಮಾಧಾನವಿತ್ತು. "ಒಂದು ಲಾರಿ ತುಂಬೋದದ. ತುಂಬಿಸಿ ಬಂದುಬಿಡ್ತೀನಿ. ನೀ ಕಾಳಜಿ ಮಾಡಬ್ಯಾಡ."

ಆಮೇಲೆ ಅವಳು ಮಾಡಿದ ಯಾವ ಕರೆಯನ್ನೂ ಅವನು ಎತ್ತಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಿಸಿಲು ಐವತ್ತು ಡಿಗ್ರಿ ಮುಟ್ಟಿತು. ಆಕಾಶ ನೀಲಿಯಾಗಿತ್ತು. ಅಂಥ ನೀಲಿಯನ್ನು ಕಂಡೇ ಇರದ ಮಕ್ಕಳು ಅದನ್ನು ನೋಡಲೆಂದು ಹೊರಗೆ ಓಡಿ ಬಂದವು, ತಾಯಂದಿರು ಅವರನ್ನು ಎಳೆದು ಒಳಗೆ ಹಾಕಿದರು. ತಗಡಿನ ಮನೆಗಳು ಒಲೆಯಂತಾದವು. ಗಾಳಿ ಬೀಸಿದರೆ ಮುಖಕ್ಕೆ ಬೆಂಕಿ ಬಡಿದಂತಾಗುತ್ತಿತ್ತು. ಎಲ್ಲ ಮನೆಗಳೂ ಒಂದೇ ಸಲ ಫ್ಯಾನು, ಕೂಲರು ಹಚ್ಚಿ ಕರೆಂಟು ಹೋಯಿತು. ಸಂಜೆಯ ಹೊತ್ತಿಗೆ ಮೇಲಿನವರ ಒಪ್ಪಿಗೆ ಬಂತು. ಎಚ್ಚರಿಕೆಯ ಸಂದೇಶ ಕಳಿಸಲು ಕೇಂದ್ರದ ಗೋಪುರಗಳಲ್ಲಿ ಆಗ ಕರೆಂಟಿರಲಿಲ್ಲ.

ಅದಕ್ಕೂ ಮುಂಚೆ, ಬಿಸಿಲು ಇನ್ನೂ ಉರಿಯುತ್ತಿದ್ದಾಗಲೇ, ಜಗದೇವಿ ಕೇಂದ್ರದ ಜೀಪು ತೆಗೆದುಕೊಂಡು ಖಣಿಗೆ ಹೋಗಿದ್ದಳು. ಲಾರಿ ಅರ್ಧ ತುಂಬಿ ನಿಂತಿತ್ತು. ಚಾಲಕನ ಬಾಗಿಲು ತೆರೆದಿತ್ತು. ಲಾರಿಯ ಕೆಳಗೆ, ಇದ್ದುದರಲ್ಲಿ ಅಲ್ಲೊಂದೇ ನೆರಳಿದ್ದುದರಿಂದ, ಆಳುಗಳು ಒಬ್ಬರಿಗೊಬ್ಬರು ಆತುಕೊಂಡು ಮಲಗಿದ್ದರು. ಗುರುಲಿಂಗಪ್ಪ ಅಂಚಿನಲ್ಲಿದ್ದ. ಎಲ್ಲರಿಗೂ ಜಾಗ ಸಾಲದೆ ಅವನ ಅರ್ಧ ಮೈ ಬಿಸಿಲಿನಲ್ಲೇ ಉಳಿದಿತ್ತು. ಒಳಗಿದ್ದ ಇಬ್ಬರಲ್ಲಿ ಇನ್ನೂ ಉಸಿರಿತ್ತು. ಅವನಲ್ಲಿ ಇರಲಿಲ್ಲ. ಅವನ ಕೈ ಮುಟ್ಟಿದಳು, ಕಲ್ಲಿನಷ್ಟೇ ಬಿಸಿಯಾಗಿತ್ತು. ಅವಳು ಅಳಲಿಲ್ಲ. ಉಸಿರಿದ್ದವರನ್ನು ಎಳೆದು ಜೀಪಿಗೆ ಹಾಕಿದಳು. ಅವನನ್ನು ಒಯ್ಯಲು ಎರಡನೆಯ ಸಲ ಬರಬೇಕಾಯಿತು.

ಆ ಬಿಸಿಲು ಮೂರು ದಿನ ಉರಿಯಿತು. ಕೋಟೆಯೊಳಗೆ ಸೇರಿದವರು ಬಹುತೇಕ ಉಳಿದರು. ತಗಡಿನ ಬಡಾವಣೆಗಳಲ್ಲಿ ಬಾಗಿಲು ಹಾಕಿಕೊಂಡು ಉಳಿದವರನ್ನು ಆಮೇಲೆ ಬಾಗಿಲು ಒಡೆದು ಹೊರಗೆ ತೆಗೆಯಬೇಕಾಯಿತು.

ಮರುದಿನ ಗಂಡನಿಗೆ ಮಣ್ಣು ಕೊಟ್ಟು ಬರುವಾಗ ಹೊತ್ತು ಮುಳುಗಿತ್ತು. ಊರಲ್ಲಿ ದೀಪವಿರಲಿಲ್ಲ. ವಚನಾಳ ಹೆಗಲು ಹಿಡಿದು ನಡೆಯುತ್ತಿದ್ದ ಜಗದೇವಿ ಒಮ್ಮೆ ತಲೆ ಎತ್ತಿದಳು. ದಿಕ್ಕು ದಿಕ್ಕಿಗೂ ಚುಕ್ಕಿಗಳು ಒತ್ತೊತ್ತಾಗಿ ಚೆಲ್ಲಿದ್ದವು. ಖದೀರ್ ಸರ್ ಕೋಲಿನಿಂದ ತೋರಿಸಿದ್ದ ಜಾಗದಲ್ಲೇ ಸ್ವಾತಿ ಇತ್ತು, ಚಿತ್ತಾ ಇತ್ತು. ಚೆಲುವಾಗಿತ್ತು. ಚೆಲುವಾಗಿದೆ ಎಂದು ಅನಿಸಿದ್ದಕ್ಕೆ ಅವಳಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು. ತಲೆ ತಗ್ಗಿಸಿದಳು. ಮಗಳನ್ನು ಮನೆ ಮುಟ್ಟಿಸಿ, ಸೀರೆಯ ಮಣ್ಣನ್ನೂ ಕೊಡವದೆ ಕೇಂದ್ರಕ್ಕೆ ಹೋಗಿ, ಹಳೆಯ ಪುಡಿ ತುಂಬಿದ, ಇನ್ನೂ ಉಳಿದಿದ್ದ ಬಲೂನುಗಳನ್ನು ಒಂದಾದ ಮೇಲೊಂದು ಬಿಟ್ಟಳು.

ಆ ಸ್ವಚ್ಛವಾದ ಸಂಜೆಗಳಲ್ಲಿ ಖದೀರ್ ಸರ್ ತಮ್ಮ ದೂರದರ್ಶಕದ ಗೌಸು ತೆಗೆಯಲಿಲ್ಲ ಎಂದು ಪುಷ್ಪಾವತಿ ಆಮೇಲೆ ಹೇಳಿದಳು. "ಹದಿನೈದು ವರ್ಷ ಇದನ್ನೇ ಬೇಡ್ಕೊಂಡಿದ್ದೆ ನೋಡವ್ವ" ಎಂದು ಒಂದೇ ಮಾತಾಡಿ, ಮುಸುಕು ಮತ್ತೆ ಕೂಡುವವರೆಗೆ ಮಾಳಿಗೆ ಹತ್ತಲೇ ಇಲ್ಲವಂತೆ.

ವಿಚಾರಣೆ ನಡೆಯಿತು. ಪುಡಿ ಒದಗಿಸಿದವರು ಗೋದಾಮನ್ನು ದೂರಿದರು, ಗೋದಾಮಿನವರು ಮಾಪಕವನ್ನು ದೂರಿದರು. ದೇಶಮುಖರು ಯಾರನ್ನೂ ದೂರದೆ ರಾಜೀನಾಮೆ ಕೊಟ್ಟು ಹೋದರು. ಕೊನೆಗೆ ಕೇಂದ್ರ ಒಂದು ಹೊಸ ನಿಯಮ ಮಾಡಿತು. ಪ್ರತಿ ಸಂಜೆ ಖಗೋಳ ಬಳಗದವರು ಆಕಾಶ ನೋಡಿ ತಿಳಿಸಬೇಕು. ಚುಕ್ಕಿ ಕಂಡರೆ ಸೈರನ್ ಕೂಗುತ್ತದೆ, ಊರು ಕೋಟೆಗೆ ಹೋಗುತ್ತದೆ. ಇದ್ದಕ್ಕಿದ್ದಂತೆ ಎಲ್ಲರಿಗೂ ಬಳಗ ಬೇಕಾಯಿತು. ಸಂಜೆಯಾದರೆ ಮಾಳಿಗೆ ಮಾಳಿಗೆಯ ಮೇಲೂ ಜನ ಕತ್ತೆತ್ತಿ ನಿಲ್ಲುತ್ತಿದ್ದರು. ಏನೂ ಕಾಣದಿದ್ದರೆ ನಿಟ್ಟುಸಿರು ಬಿಟ್ಟು ಒಳಗೆ ಹೋಗುತ್ತಿದ್ದರು.

ಜೂನ್ ಮೊದಲ ವಾರದ ಒಂದು ಸಂಜೆ ವಚನಾ ತಾಯಿಯ ಜೊತೆ ಖದೀರ್ ಸರ್ ಮಾಳಿಗೆಗೆ ಬಂದಿದ್ದಳು. ಕತ್ತಲಾಗುತ್ತಿದ್ದಂತೆ ಪೂರ್ವದ ಅಂಚಿನಲ್ಲಿ ಮಬ್ಬಾದ ಹಳದಿ ಬೆಳಕೊಂದು ಮೂಡಿತು. ಮೊದಲು ಕಂಡವರು ಪಕ್ಕದ ಮಾಳಿಗೆಯವರು. ಹೆಂಗಸೊಬ್ಬಳು ಚೀರಿದಳು. ಓಣಿಯಲ್ಲಿ ಬಾಗಿಲುಗಳು ದಡದಡ ಹಾಕಿಕೊಂಡವು, ಯಾರೋ ಕೋಟೆಯ ಕಡೆ ಓಡಿದರು, ಮಕ್ಕಳು ಹೋ ಎಂದು ಅಳತೊಡಗಿದವು.

ಖದೀರ್ ಸರ್ ದೂರದರ್ಶಕ ತಿರುಗಿಸಿ ನೋಡಿದರು. ಆಮೇಲೆ ಮಾಳಿಗೆಯ ಅಂಚಿಗೆ ಬಂದು ಕೂಗಿದರು. "ಹೆದರಬ್ಯಾಡ್ರೆಪ್ಪ! ಇದು ಗುರು ಗ್ರಹ. ಭಾಳ ಬೆಳಕಿಂದದು, ಮುಸುಕಿದ್ರೂ ಕಾಣಸ್ತದ. ಮುಸುಕು ಛಲೋ ಅದ. ಹೆದರಬ್ಯಾಡ್ರಿ!"

ಯಾರೂ ನಂಬಿದಂತೆ ಕಾಣಲಿಲ್ಲ. ಕಿಟಕಿಗಳು ತೆರೆಯಲಿಲ್ಲ. ಖದೀರ್ ಸರ್ ಹೊಸದಾಗಿ ಬಳಗ ಸೇರಿದವರ ಕಡೆ ತಿರುಗಿ, ಎಷ್ಟೋ ವರ್ಷ ಪಾಠ ಮಾಡಿದ ದನಿಯಲ್ಲಿ, "ಬರ್ರಿ, ಒಬ್ಬೊಬ್ಬರಾಗಿ ನೋಡ್ರಿ. ನಾಕು ಚಂದ್ರ ಅದಾವ ಇದಕ್ಕ. ಭಾಳ ಛಂದ ಕಾಣಸ್ತಾವ" ಎಂದರು. ಯಾರೂ ಮುಂದೆ ಬರಲಿಲ್ಲ. ಕೆಲವರು ಚಾಪೆ ಸುತ್ತಿಕೊಂಡು ಕೆಳಗಿಳಿದರು.

ಜಗದೇವಿ ಎದ್ದು ಹೋಗಿ ಕಣ್ಣಿಟ್ಟಳು. ಕೆನೆ ಬಣ್ಣದ ಸಣ್ಣ ಬಿಲ್ಲೆ, ಅದರ ಆಚೀಚೆ ನೇರ ಗೆರೆಯಲ್ಲಿ ನಾಲ್ಕು ಬೆಳಕಿನ ಕಣ. ಬಹಳ ಹೊತ್ತು ನೋಡಿದಳು. ಆಮೇಲೆ ಕಣ್ಣು ತೆಗೆಯದೆಯೇ ಹಿಂದಕ್ಕೆ ಕೈ ಚಾಚಿದಳು.

"ವಚನಾ, ಬಾರವ್ವ. ನೀನೂ ನೋಡು."

ವಚನಾ ಮೆಟ್ಟಿಲಿನ ಸೂರಿನ ಕೆಳಗೆ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ನಿಂತಿದ್ದಳು.

"ನಾ ಒಲ್ಲೆವ್ವ" ಎಂದಳು. "ನೀನೂ ನೋಡಬ್ಯಾಡ. ಒಳಗ ಬಾ."